ಬಾಣಂತನದ ಸೂಟಿ: ಕೇಳುವ ಬಗೆ, ಕೊಡುವ ಬಗೆ

ಕಮಲನಗರದ ಸೊಸೆಯ ತವರು ಉದಗೀರ್‌ನಲ್ಲಿರಬಹುದು, ದೇಗಲೂರಿನಲ್ಲಿರಬಹುದು, ತೆಲಂಗಾಣದ ನಾರಾಯಣಖೇಡದಲ್ಲೂ ಇರಬಹುದು. ಗಡಿಯ ಊರಿನಲ್ಲಿ ಬೀಗತನ ರಾಜ್ಯದ ಗೆರೆ ನೋಡಿ ನಡೆಯುವುದಿಲ್ಲ. ಏಳನೇ ತಿಂಗಳಿಗೆ ಕುಬಸ, ಆಮೇಲೆ ತವರು. ಕೂಸಿಗೆ ಮೂರೋ ಐದೋ ತಿಂಗಳು ತುಂಬಿದ ಮೇಲೆ ತೊಟ್ಟಿಲ ಸಮೇತ ಗಂಡನ ಮನೆಗೆ ವಾಪಸು. ಎಣ್ಣೆ ನೀರಿನಿಂದ ಹಿಡಿದು ಹೊರಸಿನ ಕೆಳಗಿನ ಕೆಂಡದವರೆಗೆ ಹಿರಿಯರು ಎಲ್ಲದರ ಲೆಕ್ಕ ಇಟ್ಟಿದ್ದಾರೆ. ಆ ಹುಡುಗಿ ಭಾಲ್ಕಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದರೆ, ಬೀದರಿನ ಬಟ್ಟೆ ಅಂಗಡಿಯಲ್ಲಿ ನಿಂತು ಸೀರೆ ತೋರಿಸುವವಳಾಗಿದ್ದರೆ ಅವಳ ಪಗಾರ ಏನಾಗಬೇಕು ಎಂಬ ಲೆಕ್ಕ ಮಾತ್ರ ಅದರಲ್ಲಿ ಇಲ್ಲ.

ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ಸೂಟಿ ತಗೋರಿ ಅಕ್ಕೋರೆ, ಯಾರು ಬ್ಯಾಡ ಅಂತಾರ? ಪಗಾರ ಮಾತ್ರ ಕೇಳಬ್ಯಾಡ್ರಿ." ಗಂಡಸು ಕೇಳಿದರೆ ಅಷ್ಟೂ ಇಲ್ಲ: "ಹಡಿಯಾಕಿ ಅಕಿ, ನಿನಗ್ಯಾಕ ಸೂಟಿ ತಮ್ಮಾ?"

ಮೊದಲನೆಯ ಮಾತು ಕಾನೂನಿಗೆ ವಿರುದ್ಧ. ಎರಡನೆಯದು ಸದ್ಯಕ್ಕೆ ಕಾನೂನಿಗೆ ವಿರುದ್ಧವಲ್ಲ, ನ್ಯಾಯಕ್ಕೆ ವಿರುದ್ಧ. ಎರಡಕ್ಕೂ ಉತ್ತರ ಕೊಡುವ ದಾರಿ ಇದೆ. ಬಾಯಿಮಾತಿನಲ್ಲಿ ಕೇಳಿದ ಸೂಟಿ ಬಾಯಿಮಾತಿನಲ್ಲೇ ಹೋಗುತ್ತದೆ. ಹಾಳೆಯ ಮೇಲೆ, ದಿನಾಂಕ ಹಾಕಿ ಕೇಳಿದ್ದು ಉಳಿಯುತ್ತದೆ. ಈ ಲೇಖನದಲ್ಲಿ ಮುಂದೆ ಬರುವುದೆಲ್ಲ ಆ ಹಾಳೆಯಲ್ಲಿ ಏನು ಬರೆಯಬೇಕು ಎಂಬುದರ ವಿವರ.

ಹತ್ತು ತಲೆ, ಎಂಬತ್ತು ದಿನ

ನಮ್ಮಲ್ಲಿ ಹೆರಿಗೆ ಸೌಲಭ್ಯದ ಕಾಯ್ದೆ 1961ರದು. 2017ರ ಏಪ್ರಿಲ್ 1ರಿಂದ 12 ವಾರದ ರಜೆ 26 ವಾರವಾಯಿತು. 2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಆಗ ಹಳೆಯ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂತು. ಹೆಸರು ಬದಲಾಯಿತು, 26 ವಾರ ಬದಲಾಗಲಿಲ್ಲ. "ಹಳೇ ಕಾಯ್ದೆ ಹೋಯ್ತಲ್ಲ ಈಗ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇದು ಕೇಂದ್ರದ ಕಾನೂನು. ಕಮಲನಗರದ ಹುಡುಗಿ ಹೈದರಾಬಾದಿನಲ್ಲಿ ದುಡಿಯಲಿ, ಪುಣೆಯಲ್ಲಿ ದುಡಿಯಲಿ, ಲೆಕ್ಕ ಇದೇ.

ಎರಡು ಸಂಖ್ಯೆ ನೆನಪಿಡಬೇಕು. ಕಾರ್ಖಾನೆಯಾದರೆ ಪ್ರಶ್ನೆಯೇ ಇಲ್ಲ. ಅಂಗಡಿ, ಆಸ್ಪತ್ರೆ, ಫೈನಾನ್ಸ್ ಕಚೇರಿಯಂಥ ಜಾಗವಾದರೆ ಹತ್ತು ಜನ ಕೆಲಸಕ್ಕಿರಬೇಕು. ಹತ್ತು ಹೆಂಗಸರು ಎಂದಲ್ಲ. ಗಂಡಸರು, ಕಸ ಗುಡಿಸುವವರು, ರಾತ್ರಿ ಕಾವಲಿನವರು ಎಲ್ಲರೂ ಸೇರಿ ಹತ್ತು. "ನಮ್ಮಲ್ಲಿ ಇರೋದೇ ಮೂವರು ಹೆಣ್ಮಕ್ಕಳು" ಎನ್ನುವ ಮಾಲೀಕರಿಗೆ ಒಟ್ಟು ತಲೆ ಎಣಿಸಲು ಹೇಳಿ. ಎರಡನೆಯದು, ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ಕಾಯಂ ಆಗಿರಬೇಕೆಂದಿಲ್ಲ. ದಿನಗೂಲಿ ಹೆಂಗಸರಿಗೂ ಈ ಸೌಲಭ್ಯ ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ, ದೆಹಲಿ ಮಹಾನಗರ ಪಾಲಿಕೆಯ ಮಸ್ಟರ್ ರೋಲ್ ಕೆಲಸಗಾರ್ತಿಯರ ಪ್ರಕರಣದಲ್ಲಿ ಹೇಳಿದೆ. 2023ರ ಆಗಸ್ಟ್‌ನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಗುತ್ತಿಗೆಯ ಅವಧಿ ರಜೆಯ ನಡುವೆ ಮುಗಿದರೂ ಹೆರಿಗೆ ಸೌಲಭ್ಯ ಮುಗಿಯುವುದಿಲ್ಲ. ವರ್ಷವರ್ಷಕ್ಕೆ ಗುತ್ತಿಗೆ ಹೊಸದಾಗಿ ಬರೆಸಿಕೊಳ್ಳುವವರು ಈ ತೀರ್ಪಿನ ಸುದ್ದಿಯನ್ನು ಮೊಬೈಲಿನಲ್ಲಿ ಇಟ್ಟುಕೊಂಡಿರಲಿ.

ಕುಬಸದ ಲೆಕ್ಕ ಬೇರೆ, ಕಾನೂನಿನ ಲೆಕ್ಕ ಬೇರೆ

26 ವಾರ ಎಂದರೆ 182 ದಿನ. ಅದರಲ್ಲಿ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 8 ವಾರ. ನಮ್ಮ ಪದ್ಧತಿ ಇಲ್ಲಿ ಎಡವುತ್ತದೆ.

ಡಾಕ್ಟರು ಜೂನ್ 15 ಎಂದು ದಿನ ಕೊಟ್ಟಿದ್ದಾರೆ ಎಂದುಕೊಳ್ಳಿ. ಮಾರ್ಚ್ ಕೊನೆಗೆ ಕುಬಸ ಮಾಡಿ, ಮರುದಿನವೇ ತವರಿನವರು ಕರೆದೊಯ್ದರು. ಆದರೆ 8 ವಾರದ ಲೆಕ್ಕ ಏಪ್ರಿಲ್ 20ಕ್ಕೆ ಶುರು. ನಡುವಿನ ಸುಮಾರು ಮೂರು ವಾರ ಹೆರಿಗೆ ರಜೆಗೆ ಸೇರುವುದಿಲ್ಲ. ಅದಕ್ಕೆ ಬಾಕಿ ಇರುವ ಗಳಿಕೆ ರಜೆ ಹಾಕಬೇಕು, ಇಲ್ಲವೇ ಪಗಾರ ಬಿಡಬೇಕು. ಏನೂ ಹೇಳದೆ ಹೋದರೆ "ಗೈರುಹಾಜರಿ" ಎಂದು ಬರೆದುಕೊಳ್ಳುತ್ತಾರೆ, ಮುಂದಿನ ತಕರಾರಿಗೆಲ್ಲ ಅದೇ ನೆಪ.

ಏಪ್ರಿಲ್ 20ಕ್ಕೆ ರಜೆ ಶುರುವಾದರೆ ಅಕ್ಟೋಬರ್ 18ಕ್ಕೆ ಮುಗಿಯುತ್ತದೆ. ಆಗ ಕೂಸಿಗೆ ನಾಲ್ಕೇ ತಿಂಗಳು. ಮೈ ಒಪ್ಪುವುದಾದರೆ, ಡಾಕ್ಟರು ಬೇಡ ಎನ್ನದಿದ್ದರೆ, ಮೇ ಕೊನೆಯವರೆಗೆ ಕೆಲಸ ಮಾಡಿ ಜೂನ್ 1ರಿಂದ ರಜೆ ಹಿಡಿದರೆ ನವೆಂಬರ್ 29ರವರೆಗೆ ಸಿಗುತ್ತದೆ. ಕೂಸು ಐದೂವರೆ ತಿಂಗಳಿನದಾಗಿರುತ್ತದೆ. ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ ಎಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೇಳುವ ಮಾತಿಗೆ ಈ ಲೆಕ್ಕ ಹತ್ತಿರ. ಹಾಗೆಂದು ನಲವತ್ತೆರಡು ಡಿಗ್ರಿ ಬಿಸಿಲಿನ ಮೇ ತಿಂಗಳಲ್ಲಿ ತುಂಬು ಬಸುರಿ ದಿನವಿಡೀ ನಿಂತು ಕೆಲಸ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಕಾನೂನೂ ಹೇಳುವುದಿಲ್ಲ. ಹೆರಿಗೆಗೆ ಹತ್ತು ವಾರ ಮುಂಚಿನಿಂದಲೇ, ಆಕೆ ಕೇಳಿದರೆ, ಬಹಳ ಹೊತ್ತು ನಿಲ್ಲಿಸುವ, ಭಾರ ಎತ್ತಿಸುವ ಕೆಲಸ ಕೊಡುವಂತಿಲ್ಲ. ಬಟ್ಟೆ ಅಂಗಡಿಯವರು ಕೌಂಟರ್‌ನ ಹಿಂದೆ ಒಂದು ಕುರ್ಚಿ ಹಾಕಿದರೆ ಇದು ಮುಗಿಯುತ್ತದೆ.

ಈಗಾಗಲೇ ಎರಡು ಮಕ್ಕಳಿದ್ದು ಇದು ಮೂರನೆಯದಾದರೆ 26 ಅಲ್ಲ, 12 ವಾರ. ಹೆರಿಗೆಯಿಂದ ಕಾಯಿಲೆ ಬಿದ್ದರೆ ಇನ್ನೊಂದು ತಿಂಗಳು ಹೆಚ್ಚು. ಗರ್ಭ ನಿಲ್ಲದೆ ಹೋದರೆ 6 ವಾರ, ಪಗಾರ ಸಹಿತ. ಈ ಕೊನೆಯದನ್ನು ಕೇಳುವವರು ತೀರಾ ಕಡಿಮೆ. ಹೊಟ್ಟೆಯಲ್ಲಿದ್ದದ್ದು ಹೋಯಿತು ಎಂದು ಯಾರ ಮುಂದೆ ಹೇಳುವುದು ಎಂಬ ಸಂಕಟಕ್ಕೆ ಹೆಂಗಸರು ಮೂರನೇ ದಿನವೇ ಕೆಲಸಕ್ಕೆ ಬಂದು ನಿಲ್ಲುತ್ತಾರೆ. ಕಾರಣ ಎಲ್ಲರೆದುರು ಹೇಳಬೇಕಿಲ್ಲ. ಡಾಕ್ಟರ ಚೀಟಿಯನ್ನು ಲಕೋಟೆಯಲ್ಲಿಟ್ಟು ಕೊಟ್ಟರೆ ಸಾಕು.

ಹಾಳೆ, ಸಹಿ, ಮೊಹರು

ರಜೆಗೆ ಹೊರಡುವ ಮುಂಚೆ ಮಾಲೀಕರಿಗೆ ಲಿಖಿತ ನೋಟಿಸು ಕೊಡಬೇಕು: ಯಾವ ದಿನದಿಂದ ರಜೆ, ಹಣವನ್ನು ಯಾರ ಕೈಗೆ ಅಥವಾ ಯಾವ ಖಾತೆಗೆ ಹಾಕಬೇಕು, ಆ ಅವಧಿಯಲ್ಲಿ ಬೇರೆ ಕಡೆ ಕೆಲಸ ಮಾಡುವುದಿಲ್ಲ ಎಂಬ ಮಾತು. ಎರಡು ಪ್ರತಿ ಮಾಡಿ, ಒಂದರ ಮೇಲೆ "ತಲುಪಿದೆ" ಎಂದು ಸಹಿ, ದಿನಾಂಕ ಹಾಕಿಸಿಕೊಳ್ಳಿ. ಸಹಿ ಹಾಕಲು ಸತಾಯಿಸಿದರೆ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದೂ ಒಂದು ದಾಖಲೆಯೇ, ಆದರೆ ಅದನ್ನೊಂದನ್ನೇ ನೆಚ್ಚಬೇಡಿ. ದಿಢೀರನೆ ನೋವು ಬಂದು ನೋಟಿಸು ಕೊಡಲಾಗದೆ ಹೋದರೂ ಹಕ್ಕು ಹೋಗುವುದಿಲ್ಲ. ಹೆರಿಗೆಯಾದ ಮೇಲೆ ಆದಷ್ಟು ಬೇಗ ಕೊಟ್ಟರಾಯಿತು.

ಹಣ ಬರುವ ಕ್ರಮ ಹೀಗೆ. ಬಸುರಿ ಎಂಬ ವೈದ್ಯರ ದಾಖಲೆ ಕೊಟ್ಟಾಗ ಹೆರಿಗೆಗೆ ಮುಂಚಿನ ಅವಧಿಯ ಹಣ ಮುಂಗಡವಾಗಿ ಬರಬೇಕು. ಹೆರಿಗೆಯಾದ ದಾಖಲೆ ಕೊಟ್ಟ 48 ಗಂಟೆಯೊಳಗೆ ಉಳಿದದ್ದು ಬರಬೇಕು. ತಿಂಗಳು ತಿಂಗಳಿಗೆ ಹಾಕುತ್ತೇವೆ ಎಂದು ಮಾಲೀಕರು ಹೇಳಿದರೆ, ನಿಮಗೆ ಒಪ್ಪಿಗೆಯಾದರೆ, ಅದನ್ನೂ ಬರೆದು ಕೊಡಲು ಹೇಳಿ. ಮೊತ್ತ ಎಷ್ಟು? ರಜೆಗೆ ಹಿಂದಿನ ಮೂರು ತಿಂಗಳಲ್ಲಿ ಸಿಕ್ಕ ಕೂಲಿಯ ದಿನದ ಸರಾಸರಿ.

ತವರು ಗಡಿಯಾಚೆ ಇದ್ದವರಿಗೆ ಒಂದು ಎಚ್ಚರಿಕೆ. ಕೂಸು ಎಲ್ಲಿ ಹುಟ್ಟಿತೋ ಜನನ ನೋಂದಣಿ ಅಲ್ಲೇ ಆಗಬೇಕು. ಉದಗೀರ್‌ನ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿಗೆ ಕಮಲನಗರದಲ್ಲಿ ಜನನ ಪತ್ರ ಸಿಗುವುದಿಲ್ಲ. 21 ದಿನದೊಳಗೆ ಮಾಡಿಸಿದರೆ ಸಲೀಸು, ತಡವಾದಷ್ಟೂ ಅಲೆದಾಟ. ತೊಟ್ಟಿಲು ಕಟ್ಟಿಕೊಂಡು ಹೊರಡುವ ಮುಂಚೆ ಜನನ ಪತ್ರ, ಆಸ್ಪತ್ರೆಯ ಬಿಡುಗಡೆ ಚೀಟಿ ಎರಡನ್ನೂ ಕೈಲಿ ಹಿಡಿದುಕೊಳ್ಳಿ. ಚೀಟಿ ಮರಾಠಿಯಲ್ಲಿದೆ ಎಂಬ ಕಾರಣಕ್ಕೆ ಹಣ ತಡೆಯುವ ಹಕ್ಕು ಯಾರಿಗೂ ಇಲ್ಲ. ನಿಮ್ಮ ಹೆಸರು ಆಸ್ಪತ್ರೆಯ ಚೀಟಿ, ಆಧಾರ್, ನೌಕರಿಯ ದಾಖಲೆ ಮೂರರಲ್ಲೂ ಒಂದೇ ಥರ ಇದೆಯೇ ನೋಡಿಕೊಳ್ಳಿ. ಮದುವೆಯಾದ ಮೇಲೆ ಅಡ್ಡಹೆಸರು ಬದಲಾಗುವ ಗಡಿಯ ಮನೆಗಳಲ್ಲಿ ಇದು ದೊಡ್ಡ ತಲೆನೋವು.

ಆಸ್ಪತ್ರೆಯ ಖರ್ಚನ್ನು ಸಂಸ್ಥೆ ನೋಡಿಕೊಳ್ಳದಿದ್ದರೆ ಅದರ ಬದಲಿಗೆ 3,500 ರೂಪಾಯಿ ವೈದ್ಯಕೀಯ ಬೋನಸ್ ಕೊಡಬೇಕು. ಈ ಮೊತ್ತ ನಿಗದಿಯಾದದ್ದು 2011ರಲ್ಲಿ. ಇವತ್ತು ಅದರಲ್ಲಿ ಏನು ಬರುತ್ತದೆ ಎಂದು ಸ್ಕ್ಯಾನಿಂಗ್‌ಗೆ ಹೋದವರನ್ನು ಕೇಳಿ. ಅದೇ ಕಾಲಕ್ಕೆ ಕೇಂದ್ರದಲ್ಲಿ ಕಾರ್ಮಿಕ ಸಚಿವರಾಗಿದ್ದವರು ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಖರ್ಗೆ. ಇಎಸ್‌ಐ ಎಂಬ ನೌಕರರ ವಿಮೆಗೆ ಸೇರುವ ಸಂಬಳದ ಮಿತಿ 2010ರಲ್ಲಿ ಹತ್ತು ಸಾವಿರದಿಂದ ಹದಿನೈದು ಸಾವಿರಕ್ಕೆ ಏರಿದ್ದು ಅವರ ಕಾಲದಲ್ಲೇ. 2017ರಿಂದ ಅದು 21,000.

ನಿಮ್ಮ ಪಗಾರದ ಚೀಟಿಯಲ್ಲಿ ಇಎಸ್‌ಐ ಎಂದು 0.75 ಶೇಕಡಾ ಕಡಿತ ಇದೆಯೇ ನೋಡಿ. ಇದ್ದರೆ 26 ವಾರದ ಹಣವನ್ನು ಮಾಲೀಕರಲ್ಲ, ಇಎಸ್‌ಐ ನಿಗಮ ಕೊಡುತ್ತದೆ. ಹಿಂದಿನ ಎರಡು ಕಂತಿನ ಅವಧಿಯಲ್ಲಿ 70 ದಿನದ ವಂತಿಗೆ ಸಂದಿರಬೇಕು, ಅಷ್ಟೆ. ಮಾಲೀಕರಿಗೆ ಹೇಳಬೇಕಾದ ಮಾತೂ ಇದೇ. ಹೆಣ್ಣುಮಗಳೊಬ್ಬಳ ಆರು ತಿಂಗಳ ಪಗಾರ ಗಲ್ಲಾಪೆಟ್ಟಿಗೆಯಿಂದ ಹೋಗುತ್ತದೆ ಎಂಬ ಹೆದರಿಕೆಗೆ ಮದುವೆ ವಯಸ್ಸಿನವರನ್ನು ಕೆಲಸಕ್ಕೇ ಸೇರಿಸಿಕೊಳ್ಳದವರಿದ್ದಾರೆ. 3.25 ಶೇಕಡಾ ತಮ್ಮ ಪಾಲು ಕಟ್ಟಿದ್ದರೆ ಆ ಭಾರ ಅವರದಲ್ಲ. ಬಹುತೇಕ ದೇಶಗಳಲ್ಲಿ ಹೆರಿಗೆ ರಜೆಯ ಹಣ ಇಂಥ ವಿಮೆಯಿಂದಲೇ ಬರುತ್ತದೆ. ಇಎಸ್‌ಐನ ಹೊರಗೆ ಉಳಿದವರ ಭಾರವನ್ನೆಲ್ಲ ಒಬ್ಬ ಮಾಲೀಕನ ತಲೆಗೆ ಕಟ್ಟಿದ್ದು ನಮ್ಮ ಕಾನೂನಿನ ದೊಡ್ಡ ಕುಂದು, ಅದಕ್ಕೆ ಬೆಲೆ ತೆರುತ್ತಿರುವವರು ನೌಕರಿ ಸಿಗದ ಹೆಣ್ಣುಮಕ್ಕಳು.

ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವಂತಿಲ್ಲ, ಕೆಲಸದ ಷರತ್ತುಗಳನ್ನು ಆಕೆಗೆ ನಷ್ಟವಾಗುವಂತೆ ಬದಲಿಸುವಂತಿಲ್ಲ. ತೆಗೆದರೆ 60 ದಿನದೊಳಗೆ ದೂರು ಕೊಡಬೇಕು. ಬಾಣಂತನದ ಗಡಿಬಿಡಿಯಲ್ಲಿ ಆ ಎರಡು ತಿಂಗಳು ಜಾರಿಹೋಗುವುದೇ ಹೆಚ್ಚು. ಕೆಲಸಕ್ಕೆ ಮರಳಿದ ಮೇಲೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡುವು ಕೊಡಬೇಕು. 50 ಜನರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು. ಹಲವು ಸಂಸ್ಥೆಗಳು ಕೂಡಿ ಒಂದೇ ಕೇಂದ್ರ ನಡೆಸಲು ಹೊಸ ಸಂಹಿತೆ ಅವಕಾಶ ಕೊಟ್ಟಿದೆ. ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದವರು, ಹುಮನಾಬಾದಿನವರು ಈ ಒಂದು ಸಾಲನ್ನು ಓದಿದರೂ ಸಾಕು.

ನಿನಗ್ಯಾಕ ಸೂಟಿ ತಮ್ಮಾ?

ಈಗ ತಂದೆಯ ಮಾತು. ಸರ್ಕಾರಿ ನೌಕರನಾದರೆ ಕೇಂದ್ರದಲ್ಲೂ ಕರ್ನಾಟಕದಲ್ಲೂ 15 ದಿನದ ಪಿತೃತ್ವ ರಜೆ ಇದೆ. ಕೇಂದ್ರದ ನಿಯಮದಲ್ಲಿ ಅದನ್ನು ಹೆರಿಗೆಯಾದ ಆರು ತಿಂಗಳೊಳಗೆ ಯಾವಾಗ ಬೇಕಾದರೂ ತೆಗೆದುಕೊಳ್ಳಬಹುದು. ರಾಜ್ಯದ ಮಹಿಳಾ ನೌಕರರಿಗೆ 180 ದಿನದ ಹೆರಿಗೆ ರಜೆಯ ಜೊತೆಗೆ ಆರು ತಿಂಗಳ ಶಿಶುಪಾಲನಾ ರಜೆ 2021ರ ಬಜೆಟ್‌ನಲ್ಲಿ ಬಂತು. ಔರಾದ್‌ನ ಸರ್ಕಾರಿ ಶಾಲೆಯ ಮಾಸ್ತರರಿಗೆ ಇರುವ ಈ 15 ದಿನ, ಅದೇ ರಸ್ತೆಯ ಗೊಬ್ಬರದ ಅಂಗಡಿಯ ಲೆಕ್ಕಿಗನಿಗೆ ಇಲ್ಲ. ಖಾಸಗಿ ಕೆಲಸದ ಅಪ್ಪಂದಿರಿಗೆ ದೇಶದಲ್ಲಿ ಕಾನೂನೇ ಇಲ್ಲ. ನಮ್ಮ ನೆರೆಯ ಮರಾಠವಾಡದ ಹಿಂಗೋಲಿಯ ಸಂಸದರಾಗಿದ್ದ ರಾಜೀವ್ ಸಾತವ್ 2017ರಲ್ಲಿ ಖಾಸಗಿ ಮಸೂದೆಯೊಂದನ್ನು ಲೋಕಸಭೆಯಲ್ಲಿ ಮಂಡಿಸಿದ್ದರು: 15 ದಿನ, ಬೇಕಾದರೆ ಮೂರು ತಿಂಗಳವರೆಗೆ. ಅದು ಕಾನೂನಾಗಲಿಲ್ಲ. ಸ್ವೀಡನ್ 1974ರಲ್ಲೇ ತಾಯಿ ತಂದೆ ಇಬ್ಬರೂ ಹಂಚಿಕೊಳ್ಳುವ ರಜೆ ತಂದಿತ್ತು. ಸ್ವೀಡನ್ ದೂರ ಎನ್ನುವವರಿಗೆ ಸಿಕ್ಕಿಂ ಇದೆ; 2023ರಲ್ಲಿ ಅಲ್ಲಿನ ಸರ್ಕಾರ ತನ್ನ ನೌಕರರಿಗೆ ತಾಯಿಗೆ ಒಂದು ವರ್ಷ, ತಂದೆಗೆ ಒಂದು ತಿಂಗಳು ಎಂದು ಘೋಷಿಸಿತು. ಖಾಸಗಿಯವರಿಗೂ ಅನ್ವಯಿಸುವಂತೆ ತಿಂಗಳಿಗೊಂದು ದಿನದ ಋತುಚಕ್ರ ರಜೆಗೆ ನಮ್ಮ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟದ್ದು ನೋಡಿದರೆ, ಮನಸ್ಸು ಮಾಡಿದರೆ ರಾಜ್ಯಕ್ಕೂ ದಾರಿ ಇದೆ.

ಕಾನೂನು ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, ಅದೂ 1961ರದೇ, ವರ್ಷಕ್ಕೆ 12 ದಿನದವರೆಗೆ ಪಗಾರ ಸಹಿತ ರಜೆ ಕೊಡುತ್ತದೆ. ಕಾಯಿಲೆಗೆ, ಅಪಘಾತಕ್ಕೆ "ಅಥವಾ ಬೇರೆ ಸಕಾರಣಕ್ಕೆ". ಹೆಂಡತಿಯ ಹೆರಿಗೆಗಿಂತ ಸಕಾರಣ ಯಾವುದು? ಇದಲ್ಲದೆ ದುಡಿದ ಪ್ರತಿ 20 ದಿನಕ್ಕೆ ಒಂದರಂತೆ ಗಳಿಕೆ ರಜೆಯೂ ಸೇರುತ್ತದೆ. ಹೆರಿಗೆಯ ವರ್ಷದಲ್ಲಿ ಜಾತ್ರೆಗೆ, ನೆಂಟರ ಮದುವೆಗೆ ಈ 12 ದಿನ ಕರಗಿಸದಿದ್ದರೆ ಅಪ್ಪನಿಗೆ ಹದಿನೈದು ದಿನ ಕೂಡಿಬಿಡುತ್ತದೆ.

ಯಾವಾಗ ತೆಗೆದುಕೊಳ್ಳಬೇಕು ಎಂಬುದು ಅದಕ್ಕಿಂತ ಮುಖ್ಯ. ಕೂಸು ಹುಟ್ಟಿದ ವಾರ ತವರಿನಲ್ಲಿ ಅವ್ವ, ಅಜ್ಜಿ, ಅತ್ತಿಗೆಯರು ಸುತ್ತ ಇರುತ್ತಾರೆ. ಅಳಿಯ ಹೋಗಿ ಕೂತರೆ ಅವನಿಗೇ ಎರಡು ಹೊತ್ತು ಬಡಿಸುವ ಕೆಲಸ ಹೆಚ್ಚು. ಕಷ್ಟ ಶುರುವಾಗುವುದು ಆಕೆ ಕೂಸು ಎತ್ತಿಕೊಂಡು ಗಂಡನ ಮನೆಗೆ ಮರಳಿದ ದಿನ. ಅಲ್ಲಿ ಎಣ್ಣೆ ಹಚ್ಚುವ ಕೈ ಇಲ್ಲ, ರಾತ್ರಿ ಎತ್ತಿಕೊಳ್ಳುವ ಹೆಗಲಿಲ್ಲ, ಮೇಲಾಗಿ ಹತ್ತೋ ಹದಿನೈದೋ ದಿನಕ್ಕೆ ಆಕೆಯೂ ಕೆಲಸಕ್ಕೆ ಹೋಗಬೇಕು. ಹುಟ್ಟಿದಾಗ ಎರಡು ದಿನ, ಮರಳಿದಾಗ ಹತ್ತು ದಿನ: ನನ್ನ ಮಟ್ಟಿಗೆ ನಮ್ಮ ಭಾಗದ ಅಪ್ಪನ ಸೂಟಿ ಹೀಗೇ ಇರಬೇಕು. ಅರ್ಜಿಯೂ ಉದ್ದ ಬೇಡ:

"ಮಾಲೀಕರಿಗೆ ನಮಸ್ಕಾರ. ನನ್ನ ಹೆಂಡತಿಗೆ ಜೂನ್ 15ರ ಸುಮಾರಿಗೆ ಹೆರಿಗೆ ಎಂದು ವೈದ್ಯರು ತಿಳಿಸಿದ್ದಾರೆ. ಆಗ 2 ದಿನ, ನವೆಂಬರ್‌ನಲ್ಲಿ ಆಕೆ ತವರಿನಿಂದ ಮರಳಿದಾಗ 10 ದಿನ ಸಂಬಳ ಸಹಿತ ರಜೆ ಮಂಜೂರು ಮಾಡಬೇಕು. ಎರಡನೇ ರಜೆಯ ದಿನಾಂಕವನ್ನು ಒಂದು ತಿಂಗಳು ಮುಂಚೆ ತಿಳಿಸುತ್ತೇನೆ. ಆ ದಿನಗಳಲ್ಲಿ ನನ್ನ ಕೆಲಸ ನೋಡಿಕೊಳ್ಳಲು ಜೊತೆಯವರು ಒಪ್ಪಿದ್ದಾರೆ. ವೈದ್ಯರ ಚೀಟಿಯ ಪ್ರತಿ ಲಗತ್ತಿಸಿದೆ."

ಮಾಲೀಕರ ಕಡೆಯಿಂದಲೂ ಲೆಕ್ಕ ಹಾಕೋಣ. ಹದಿನೈದು ಸಾವಿರ ಪಗಾರದವನಿಗೆ ಹತ್ತು ದಿನದ ಸೂಟಿ ಎಂದರೆ ಐದು ಸಾವಿರ. ಸೂಟಿ ಸಿಗದೆ ಅವನು ಬಿಟ್ಟುಹೋದರೆ ಹೊಸಬನನ್ನು ಹುಡುಕಿ, ಉದ್ದರಿ ಗಿರಾಕಿಗಳ ಮುಖ ಪರಿಚಯ ಮಾಡಿಸುವಷ್ಟರಲ್ಲಿ ಅದಕ್ಕಿಂತ ಹೆಚ್ಚು ಹೋಗಿರುತ್ತದೆ. ಸೋಯಾಬೀನ್ ಸುಗ್ಗಿಯ ಹೊತ್ತಿಗೆ ಅಡತ ಅಂಗಡಿಯಲ್ಲಿ ಒಬ್ಬ ಕಡಿಮೆಯಾದರೂ ತೊಂದರೆ ಎಂಬುದು ನಿಜ. ಅದಕ್ಕೇ ಮುಂಚೆ ಬರೆದು ಕೊಡಿ ಎನ್ನುವುದು. ಇಬ್ಬರೂ ಕೂತು ದಿನ ಹೊಂದಿಸಿಕೊಳ್ಳಬಹುದು. ತಾಯಂದಿರ ವಿಷಯದಲ್ಲಿ ಇಂಥ ಹೊಂದಾಣಿಕೆ ನಡೆಯದು, ಅದು ಹಕ್ಕು. ಹೆರಿಗೆಯಾದ ಮೊದಲ ಆರು ವಾರ ಆಕೆ ತಾನೇ ಬರುತ್ತೇನೆಂದರೂ ಕೆಲಸಕ್ಕೆ ಹಚ್ಚುವಂತಿಲ್ಲ.

ಮಾಲೀಕನೇ ಇಲ್ಲದವರಿಗೆ

ಔರಾದ್, ಕಮಲನಗರದ ಹೊಲಗಳಲ್ಲಿ ಕಳೆ ತೆಗೆಯುವ, ತೊಗರಿ ಕೊಯ್ಯುವ ಹೆಂಗಸರಿಗೆ ಅರ್ಜಿ ಕೊಡಲು ಕಚೇರಿಯೇ ಇಲ್ಲ. ಅವರಿಗಿರುವುದು ಅಂಗನವಾಡಿ. ಮೊದಲ ಮಗುವಿಗೆ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಎರಡು ಕಂತಿನಲ್ಲಿ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000. ಬಸುರಿ ಎಂದು ತಿಳಿದ ಕೂಡಲೇ ಹೆಸರು ಬರೆಸಬೇಕು. ಉದ್ಯೋಗ ಖಾತ್ರಿಗೆ ಹೋಗುವವರು ನಿಮ್ಮ ಪಂಚಾಯಿತಿಯಲ್ಲಿ "ಕೂಸಿನ ಮನೆ" ಇದೆಯೇ ಕೇಳಿ. 2023ರ ಬಜೆಟ್‌ನಲ್ಲಿ ರಾಜ್ಯದ 4,000 ಗ್ರಾಮ ಪಂಚಾಯಿತಿಗಳಿಗೆ ಇದನ್ನು ಘೋಷಿಸಲಾಗಿತ್ತು. ಗಾರೆ ಕೆಲಸದ ಹೆಂಗಸರು ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡು ಮಾಡಿಸಿದ್ದರೆ ಹೆರಿಗೆ ಸಹಾಯಧನಕ್ಕೆ ಅರ್ಜಿ ಹಾಕಬಹುದು. ಆದರೆ ಇವು ಯಾವುವೂ ಸೂಟಿಯಲ್ಲ. ಐದು ಸಾವಿರಕ್ಕೆ ಆರು ತಿಂಗಳು ಮನೆಯಲ್ಲಿ ಕೂರಲು ಯಾವ ಕೂಲಿ ಹೆಂಗಸಿಗೂ ಆಗದು.

ಮಾಲೀಕರಿದ್ದೂ ಸೂಟಿ, ಪಗಾರ ಸಿಗದವರು ದೂರು ಕೊಡುವ ಜಾಗ: ಬೀದರಿನ ಕಾರ್ಮಿಕ ಇಲಾಖೆಯ ಕಚೇರಿ. ಇಲಾಖೆಯ ಸಹಾಯವಾಣಿ 155214. ವಕೀಲರಿಗೆ ಕೊಡಲು ದುಡ್ಡಿಲ್ಲ ಎಂಬ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಬೀದರ್ ಜಿಲ್ಲಾ ನ್ಯಾಯಾಲಯದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಹೋಗುವಾಗ ನೋಟಿಸಿನ ಸಹಿ ಮಾಡಿದ ಪ್ರತಿ, ಪಗಾರ ಜಮೆಯಾದ ಬ್ಯಾಂಕ್ ಪಾಸ್‌ಬುಕ್, ವೈದ್ಯರ ಚೀಟಿ ಜೊತೆಗಿರಲಿ. ನೇಮಕಾತಿ ಪತ್ರ ಇಲ್ಲದವರಿಗೆ ಪಾಸ್‌ಬುಕ್ಕಿನ ಆ ಸಾಲುಗಳೇ ಸಾಕ್ಷಿ. ಕೈಗೆ ನಗದು ಕೊಡುವ ಮಾಲೀಕರಿಗೆ, ಬಸುರಾಗುವ ಎಷ್ಟೋ ಮುಂಚೆಯೇ, ಖಾತೆಗೆ ಹಾಕಲು ಹೇಳಿ.

ನೋಟಿಸಿನ ಆ ಪ್ರತಿಯನ್ನು ತಾಯಿ ಕಾರ್ಡಿನ ಒಳಗೇ ಮಡಚಿಡಿ. ಕಮಲನಗರ ಸ್ಟೇಷನ್ನಿನಲ್ಲಿ ತವರಿನ ರೈಲು ಹತ್ತುವಾಗ ಬೇರೆ ಏನು ಮರೆತರೂ ಆ ಕಾರ್ಡನ್ನು ಯಾರೂ ಮರೆಯುವುದಿಲ್ಲ.